ಹಿಡಿಕೆ ಕಿತ್ತ ಗೋಡೆಗೆ ಮಿಠಾಯಿ ಪೆಟ್ಟಿಗೆ

ಮನೆ ದುರಸ್ತಿ ಮತ್ತು ಕಟ್ಟಡ ಸಾಮಗ್ರಿ ಮಳಿಗೆಗಳ ಕೇಂದ್ರ ಕಚೇರಿಯಲ್ಲಿ ಕುಳಿತು ಗ್ರಾಹಕರ ಸಂತೃಪ್ತಿಯನ್ನು ನೋಡಿಕೊಳ್ಳುವ ಮಾನ್ಯ ಮುಖ್ಯಸ್ಥರೇ,

ನಿಮ್ಮವರು ನಮ್ಮ ಸ್ನಾನದ ಮನೆಯ ಗೋಡೆಗೆ ಹಾಕಿಕೊಟ್ಟ ಹಿಡಿಕೆ ನನ್ನ ಗಂಡನ ಕೈಗೇ ಕಿತ್ತು ಬಂತು. ಸರಿಮಾಡಿಕೊಡಿ ಎಂದು ಕೇಳಿದೆ, ನೀವು ಮಿಠಾಯಿ ಕಳಿಸಿದಿರಿ. ಮತ್ತೆ ಕೇಳಿದೆ, ಇನ್ನೂ ದೊಡ್ಡ ಪೆಟ್ಟಿಗೆ ಬಂತು. ಇನ್ನೊಮ್ಮೆ ಕೇಳಿದರೆ ಲಾರಿಯಲ್ಲೇ ಬಂದೀತು ಎಂಬ ಭಯದಿಂದ ಈ ಪತ್ರವನ್ನು ಊರಿಗೆಲ್ಲ ಕಾಣುವಂತೆ ಪತ್ರಿಕೆಗೇ ಕೊಡುತ್ತಿದ್ದೇನೆ.

ನಮ್ಮ ನೊಶಿರೊ ಊರಿನ ನಿಮ್ಮ ಮಳಿಗೆಯಲ್ಲಿ ಹಿಮ ಎತ್ತುವ ಸಲಿಕೆಯಿಂದ ಹಿಡಿದು ನಾಯಿಗೆ ತೊಡಿಸುವ ಕೋಟಿನವರೆಗೆ ಎಲ್ಲವೂ ಸಿಗುತ್ತದೆ. ಬಾಗಿಲಲ್ಲೇ ‘ಹಿರಿಯರ ಮನೆ, ನಮ್ಮ ಹೊಣೆ’ ಎಂಬ ಫಲಕ. ನನ್ನ ಗಂಡ ಶಿಗೆಹಾರು ಅವರಿಗೆ ಲಕ್ವ ಹೊಡೆದು ಎಡಗಾಲು ಸೋತಾಗ ಆ ಫಲಕವನ್ನು ನಂಬಿದವಳು ನಾನು. ಅವರು ಊಟ ಬಿಡಿ ಎಂದರೆ ಬಿಟ್ಟಾರು, ಸಂಜೆಯ ಸ್ನಾನ ಬಿಡುವವರಲ್ಲ. ಕುತ್ತಿಗೆಯವರೆಗೆ ಬಿಸಿನೀರಲ್ಲಿ ಕೂತು ರಾಗವಿಲ್ಲದ ಹಾಡು ಹಾಡದಿದ್ದರೆ ಅವರಿಗೆ ದಿನ ಮುಗಿಯುವುದಿಲ್ಲ. ಆ ಸ್ನಾನದ ತೊಟ್ಟಿಯ ಎತ್ತರದ ಅಂಚು ದಾಟಲು ಗೋಡೆಗೊಂದು ಹಿಡಿಕೆ ಇದ್ದರೆ ಯಾರ ಹಂಗೂ ಬೇಕಿರಲಿಲ್ಲ. ನಿಮ್ಮವರು ಹಳೆಯ ಗೋಡೆ ಕಿತ್ತು, ಹೊಳೆಯುವ ತೆಳು ಹಲಗೆ ಹೊದಿಸಿ, ಹಿಂದೆ ಮರದ ಆಸರೆ ಇದೆಯೋ ಇಲ್ಲವೋ ನೋಡದೆ ಆ ಹಲಗೆಗೇ ಹಿಡಿಕೆಯನ್ನು ಸ್ಕ್ರೂ ಮಾಡಿ ಹೋದರು. ಮಾನ್ಯರೇ, ಅದು ಟವೆಲ್ ಒಣಗಿಸಲು ಕೊಟ್ಟದ್ದಾದರೆ ಮೊದಲೇ ಹೇಳಬಾರದಿತ್ತೇ? ನಾನು ಓಡಿಹೋದಾಗ ನೆಲದಲ್ಲಿ ಬಿದ್ದಿದ್ದ ಅವರ ಮುಷ್ಟಿಯಲ್ಲಿ ಹಿಡಿಕೆ ಹಾಗೇ ಇತ್ತು. ಮೂಳೆ ಮುರಿಯಲಿಲ್ಲ, ಭುಜವೆಲ್ಲ ಕಪ್ಪಗಾಯಿತು.

ನಿಮ್ಮ ಮಳಿಗೆಯ ಮ್ಯಾನೇಜರ್ ತಾಕಿನೋ ಅವರು ಕರಿ ಸೂಟು ತೊಟ್ಟು ಬಂದರು. ಚಾಪೆಗೆ ಹಣೆ ತಾಗುವಷ್ಟು ಬಾಗಿ, ಕಾಳಿನ ಹೂರಣದ ಮಿಠಾಯಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಮುಂದಿಟ್ಟರು. ನಾನೂ ಈ ಜಪಾನಿನಲ್ಲೇ ಹುಟ್ಟಿ ಬೆಳೆದವಳು, ತಪ್ಪು ಮಾಡಿದವರು ಕ್ಷಮೆ ಕೇಳಲು ಬರಿಗೈಯಲ್ಲಿ ಬರುವುದಿಲ್ಲ ಎಂದು ಬಲ್ಲೆ. ಆದರೆ ಸೂಟು ಹಾಕಿದವರ ಜೊತೆಗೆ ಸ್ಕ್ರೂ ಹಾಕುವವನೊಬ್ಬ ಬರಬಾರದಿತ್ತೇ? ಕೆಲಸವಾದ ಮೇಲೆ ಬಿಚ್ಚೋಣವೆಂದು ಪೆಟ್ಟಿಗೆಯನ್ನು ಫ್ರಿಜ್ ಮೇಲಿಟ್ಟೆ. ತಾಕಿನೋ ಎರಡನೆಯ ಪೆಟ್ಟಿಗೆ ಹಿಡಿದು ಬಂದ ದಿನ ನಾನು ಚಹಾ ಮಾಡಿ ತರುವಷ್ಟರಲ್ಲಿ ನನ್ನ ಗಂಡ ಅದನ್ನು ಬಿಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡಿದ್ದರು. ಮ್ಯಾನೇಜರ್ ಅತ್ತ ಹೋದದ್ದೇ ತಡ, ಇವರನ್ನು ತರಾಟೆಗೆ ತೆಗೆದುಕೊಂಡೆ.

“ಏನ್ರೀ ಮಾಡಿದ್ರಿ ನೀವು!”

“ಪಾಪ ಕಣೇ, ಆ ಹುಡುಗ ಬಗ್ಸಿದ್ ತಲೆ ಎತ್ತಿರ್ಲೇ ಇಲ್ಲ. ನಾನೊಂದು ತಿಂದ್ರೆ ಎತ್ತಾನೆ ಅಂದ್ಕೊಂಡೆ.”

ಎತ್ತಿದರು. ಎತ್ತಿದ ತಲೆ ಮತ್ತೆ ನಮ್ಮ ಮನೆಯ ಕಡೆ ತಿರುಗಲಿಲ್ಲ. ಕಾದು ಕಾದು ನಾನೇ ತಾಕಿನೋಗೆ ಫೋನ್ ಮಾಡಿದೆ.

“ಅದು ಮುಗೀತಲ್ವಾ ಅಮ್ಮಾ? ಯಜಮಾನ್ರು ಸಿಹಿ ತಗೊಂಡ್ರಲ್ಲ, ಸಮಾಧಾನ ಆಗಿದೆ ಅಂತ ಹೆಡ್ಡಾಫೀಸಿಗೆ ತಿಳಿಸ್ಬಿಟ್ಟೆ.”

“ಸಮಾಧಾನ ಆಗಿದ್ದು ಅವ್ರ ನಾಲ್ಗೆಗೆ ಕಣಪ್ಪಾ. ಗೋಡೇಲಿ ತೂತು ಹಾಗೇ ಇದೆ.”

“ಹಾಗಾದ್ರೆ ಹೊಸ್ದಾಗಿ ದೂರು ಕೊಡ್ಬೇಕಾಗುತ್ತೆ. ನಾವು ಮೊದ್ಲಿಂದ ಬಂದು ಕ್ಷಮೆ ಕೇಳ್ತೀವಿ.”

“ಬೇಡ ಮಾರಾಯ! ಬೇರೆ ಬಡಗೀನ ಕರೆಸ್ತೀನಿ ಬಿಡು.”

“ಹೊರಗಿನೋರು ಕೈ ಹಾಕಿದ್ರೆ ಇಡೀ ಬಾತ್‌ರೂಮಿನ ಗ್ಯಾರಂಟಿನೇ ಹೋಗುತ್ತಮ್ಮಾ.”

ಆಹಾ, ಎಂಥ ಸಂತೃಪ್ತಿ ವಿಭಾಗ! ಬಿದ್ದು ಏಟು ತಿಂದವನು ನಿಮ್ಮ ನೌಕರನ ಮೇಲೆ ತೋರಿದ ಕನಿಕರವನ್ನೇ ನೀವು ರಸೀದಿ ಮಾಡಿಕೊಂಡಿರಿ. ಕ್ಷಮೆ ಕೇಳಿದ ಮೇಲೆ ದುರಸ್ತಿ ಶುರುವಾಗುತ್ತದೆ ಎಂದು ನಾವು ತಿಳಿದಿದ್ದೆವು. ನಿಮ್ಮಲ್ಲಿ ಅದು ಕ್ಷಮೆಯೊಂದಿಗೇ ಮುಗಿಯುತ್ತದೆ. ಒಂದು ಸಾಲಿನ ತುಂಬ ಸ್ಕ್ರೂ, ಪಕ್ಕದ ಸಾಲಿನ ತುಂಬ ಮರದ ಹಲಗೆ ಮಾರುವ ಸಂಸ್ಥೆಗೆ ನಮ್ಮ ಗೋಡೆಯ ಹಿಂದೆ ಒಂದು ತುಂಡು ಮರ ಇಡುವ ಯೋಗ್ಯತೆಯಿಲ್ಲ, ಮಿಠಾಯಿ ಅಂಗಡಿಗೆ ಓಡುವುದು ಮಾತ್ರ ಗೊತ್ತು. ನಾಚಿಕೆಯಾಗುವುದಿಲ್ಲವೇ ನಿಮಗೆ?

ಈಗ ಅವರು ನನ್ನ ಹೆಗಲು ಹಿಡಿದು ತೊಟ್ಟಿ ದಾಟುತ್ತಾರೆ. ನನಗೂ ಮಂಡಿನೋವು, ಇಬ್ಬರೂ ನಡುಗುತ್ತೇವೆ. ಹಾಡು ನಿಂತುಹೋಗಿದೆ. ನಿನ್ನೆ ನೀರು ಕಾಯಿಸಿ ಕರೆದರೆ, “ಇವತ್ತು ಬೇಡ ಬಿಡೇ, ಮೈ ಏನೂ ಕೊಳೆಯಾಗಿಲ್ಲ” ಎಂದರು. ನನಗೆ ತೊಂದರೆಯಾಗುತ್ತದೆಂದು ಹಾಗೆ ಹೇಳಿದರು. ನನಗೆ ಅಳು ಬಂತು, ನಿಮ್ಮ ನೆನಪಾಗಿ ಅಳುವೂ ಸಿಟ್ಟಾಯಿತು.

ಆದ್ದರಿಂದ ನನ್ನ ಬೇಡಿಕೆ ಇದು: ಗೋಡೆ ಬಿಚ್ಚಿಸಿ, ಹಿಂದೆ ಮರ ಕೂರಿಸಿ, ಹಿಡಿಕೆ ಹಾಕಿಸಿ. ಆಮೇಲೆ ತಾವೇ ಬಂದು, ಅದನ್ನೇ ಹಿಡಿದು ಜೋತುಬಿದ್ದು ನಮ್ಮ ತೊಟ್ಟಿಗೆ ಇಳಿದು ತೋರಿಸಿ. ಸೂಟು ಬೇಡ. ನೀರು ನಾನು ಕಾಯಿಸುತ್ತೇನೆ.

ಎರಡೂ ಪೆಟ್ಟಿಗೆಗಳನ್ನು ಹಿಂದಿರುಗಿಸಿದ್ದೇನೆ. ಒಂದರಲ್ಲಿ ಒಂದು ಮಿಠಾಯಿ ಕಡಿಮೆ ಇದೆ. ಅದನ್ನು ತಿಂದವರು ನಿಮ್ಮನ್ನು ಕ್ಷಮಿಸಿದ್ದಾರೆ. ನಾನು ತಿಂದಿಲ್ಲ.

ಇಂತಿ,
ಸದ್ಯಕ್ಕೆ ನಿಮ್ಮ ಗೋಡೆ ಮಾಡಬೇಕಾದ ಕೆಲಸವನ್ನು ಮಾಡುತ್ತಿರುವ
ತೋಕಿಯೆ ಕುದೋ
ನೊಶಿರೊ