ಪಾಠದ ಗೋಡೆ

ವಿಜಯನಗರ, ೧೯೮೪

ವನಮಾಲಾ,

ನೀನು ತೀರಿಕೊಂಡ ಮೇಲೆ ಕಟ್ಟಡ ಕೂಲಿಯವರ ಮಕ್ಕಳಿಗೆ ನೀನು ಹೇಳಿಕೊಡುತ್ತಿದ್ದ ಸಂಜೆ ಪಾಠವೂ ನಿಂತಿತೆಂದೇ ಭಾವಿಸಿದ್ದೆ. ಉಳಿದ ಸ್ಲೇಟುಗಳನ್ನು ಕೊಟ್ಟುಬಿಡೋಣವೆಂದು ಇಂದು ಸುಂಕದಕಟ್ಟೆಗೆ ಹೋದೆ. ಆ ಕೂಲಿಯವರೀಗ ಅಲ್ಲೊಂದು ಮನೆ ಕಟ್ಟುತ್ತ, ಅದರ ಪಕ್ಕದ ಷೆಡ್ಡಿನಲ್ಲಿದ್ದಾರೆ.

ಕಟ್ಟುತ್ತಿರುವ ಮನೆಯ ಬಾಗಿಲಿಲ್ಲದ ಕೋಣೆಯಲ್ಲಿ ಮಕ್ಕಳು ಸಿಮೆಂಟ್ ಚೀಲಗಳ ಮೇಲೆ ಕುಳಿತಿದ್ದರು. ಮೇಸ್ತ್ರಿ ಬೈರಯ್ಯನ ಮಗಳು ಲಿಂಗಮ್ಮ ಇಟ್ಟಿಗೆ ಗೋಡೆಯ ಮೇಲೆ ಭಿನ್ನರಾಶಿ ಬರೆದು ಹೇಳಿಕೊಡುತ್ತಿದ್ದಳು. ಮಿಕ್ಕ ಗೋಡೆಗಳಿಗೆಲ್ಲ ಗಾರೆಯಾಗಿತ್ತು.

“ಇದೊಂದು ಯಾಕೆ ಬಿಟ್ರಿ?” ಎಂದು ಬೈರಯ್ಯನನ್ನು ಕೇಳಿದೆ.

“ಪಾಠದ ಗೋಡೆ ಯಾವಾಗ್ಲೂ ಕೊನೇಗೇ ಸಾರ್. ಮೇಡಮ್ಮೋರ ಕಾಲದಿಂದ್ಲೂ ಹಂಗೇ. ಓನರ್ ಬೈತಾರೆ, ಬೈಸ್ಕೊಂತೀನಿ.”

ಯಂತ್ರಗಳ ನಕ್ಷೆ ಬರೆದೇ ಬದುಕಿದವನು ನಾನು. ಕೆಲಸಕ್ಕೆ ಇಂಥದೊಂದು ಕ್ರಮವಿರಬಹುದೆಂದು ಊಹಿಸಿರಲಿಲ್ಲ. ನಮ್ಮ ಬಡಾವಣೆಯ ಎಷ್ಟು ಮನೆಗಳ ಗಾರೆಯ ಹಿಂದೆ ನಿನ್ನ ಅಕ್ಷರಗಳಿವೆಯೋ! ಬೆರಗಾಗಿ ನಿಂತೆ.

ಲಿಂಗಮ್ಮ ಹತ್ತಿರ ಬಂದಳು. “ಎಸ್ಸೆಸ್ಸೆಲ್ಸಿಗೆ ಕಟ್ಟಿದೀನಿ ಸಾರ್. ಬೀಜಗಣಿತ ಅರ್ಧಕ್ಕೇ ನಿಂತೋಯ್ತು. ಮಿಕ್ಕಿದ್ದು ಸಾರ್‌ನ ಕೇಳು ಅಂದಿದ್ರು ಮೇಡಮ್ಮೋರು. ನಿಮ್ಮನೇಗೆ ಬರಕ್ಕೆ ಹೆದ್ರಿಕೆ ಆಯ್ತು.”

ನಿನ್ನ ಪಾಠದ ಮಕ್ಕಳೊಡನೆ ನಾನು ಎಂದೂ ಮಾತಾಡಿದವನಲ್ಲವಲ್ಲ. ಚೀಲದ ಮೇಲೆ ಅವಳ ಪಕ್ಕದಲ್ಲಿ ಕುಳಿತು, “ಎಲ್ಲಿಗೆ ನಿಂತಿದೆ, ತೋರಿಸಮ್ಮ” ಎಂದೆ.