ಒಸಡಿನ ಮೂರು ತುಣುಕುಗಳು

ಕೊಪ್ಪಳ
ಫೆಬ್ರವರಿ 30, 2291

ಒಸಡಿನ ರೋಗಾಣುಗಳನ್ನು ಅಭ್ಯಾಸ ಮಾಡುತ್ತಿರುವ ಹಿರಿಯರಿಗೆ, ತಾರಾಮತಿ ಬಡಿಗೇರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ; ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನಗಳಿವೆ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಬರುತ್ತಿದೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದಕ್ಕೆ ಅನುಮತಿ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಒಳ್ಳೆಯ ಸುದ್ದಿ ಬರೆಯುವ ಆಸೆಯಿತ್ತು. ಬರೆಯಬೇಕಾಗಿ ಬಂದಿರುವುದು ನನ್ನ ತಪ್ಪನ್ನು.

ನಮ್ಮಲ್ಲಿ ಗಾಜಿನ ತಟ್ಟೆಯಲ್ಲಿ ಒಸಡು ಬೆಳೆಸುತ್ತೇವೆ. ಅದಕ್ಕೆ ‘ಸಾಕು ಒಸಡು’ ಎನ್ನುತ್ತೇವೆ. ದಿನಾ ಬೆಳಿಗ್ಗೆ ಬಂದು ಅದಕ್ಕೆ ಉಣಿಸಿ, ಬೆಚ್ಚಗಿದೆಯೇ ಎಂದು ನೋಡಿಯೇ ನಾನು ಚಹಾ ಕುಡಿಯುತ್ತಿದ್ದೆ. ರೋಗಾಣುವಿನ ವಂಶವಾಹಿಗಳನ್ನು ಒಂದೊಂದಾಗಿ ಕೆಡಿಸಿ, ಅದನ್ನು ಸಾಕು ಒಸಡಿನೊಳಗೆ ಬಿಡುವುದು ನನ್ನ ಕೆಲಸ. ಹೊರಗೆ ಹಾಯಾಗಿ ಬೆಳೆಯುವ ರೋಗಾಣು ಒಸಡಿನೊಳಗೆ ಸತ್ತರೆ, ಕೆಡಿಸಿದ ವಂಶವಾಹಿಯೇ ಅದನ್ನು ಒಳಗೆ ಬದುಕಿಸುತ್ತಿತ್ತು ಎಂದರ್ಥ. ಒಂಬತ್ತು ವರ್ಷಗಳ ಬಳಿಕ ಅಂಥದೊಂದು ವಂಶವಾಹಿ ಸಿಕ್ಕಿತು. ಅದನ್ನು ಕಟ್ಟಿಹಾಕುವ ಔಷಧವನ್ನೂ ಮಾಡಿದೆ. ನಲವತ್ತು ತುಣುಕು ಒಸಡಿನಲ್ಲಿ ಪರೀಕ್ಷಿಸಿದಾಗ ಮೂವತ್ತೇಳರಲ್ಲಿ ರೋಗಾಣು ಸತ್ತಿತು. ಮೂರರಲ್ಲಿ ಬದುಕಿತ್ತು. ಆ ಮೂರು ಹೊರಗಿನ ಸೋಂಕು ತಗುಲಿ ಕೆಟ್ಟಿವೆ ಎಂದು ಬರೆದು ವರದಿಯಿಂದ ತೆಗೆದೆ. ಅವು ಕೆಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು.

ಔಷಧ ಪಡೆದ ಮೊದಲಿಗರಲ್ಲಿ ಹುಲಿಗೆವ್ವ ಭಜಂತ್ರಿ ಒಬ್ಬರು; ಐವತ್ತು ದಾಟಿದ ಶಹನಾಯಿ ವಾದಕಿ. ಎರಡು ತಿಂಗಳ ಮೇಲೆ ದವಡೆ ಹಿಡಿದುಕೊಂಡು ಬಂದರು.

“ಅಕ್ಕಾರ, ಮ್ಯಾಲೆ ಆರಾಮೈತ್ರಿ. ಒಳಗ ಇನ್ನೂ ಜಗ್ಗತೈತಿ.”

ಒಸಡನ್ನು ಮೇಲಿಂದ ಒರೆಸಿ ಪರೀಕ್ಷಿಸಿದೆ. “ಏನೂ ಕಾಣವಲ್ದವ್ವಾ. ನಿಮಗ ಸುಮ್ನ ಹಂಗ ಅನ್ನಿಸ್ತೈತಿ” ಎಂದು ಕಳಿಸಿದೆ. ಒಳಗಿನ ಚೂರು ತೆಗೆದು ನೋಡುವ ಧೈರ್ಯ ನನಗಿರಲಿಲ್ಲ. ದಸರೆಯ ಹೊತ್ತಿಗೆ ಅವರ ಮುಂದಿನ ಆರು ಹಲ್ಲುಗಳು ಉದುರಿದ್ದವು. ನಾವು ಹೊಸ ಹಲ್ಲು ಬೆಳೆಸಬಲ್ಲೆವು. ಅದು ಬೇರೂರುವ ಎಲುಬೇ ಕರಗಿದ್ದರೆ ಕೈಚೆಲ್ಲುತ್ತೇವೆ. ತುಟಿಗೆ ಆಸರೆಯಿಲ್ಲದೆ ಅವರ ಶಹನಾಯಿ ನಿಂತಿತು.

ಅವರ ಮನೆಗೆ ಹೋಗಿ ಮೂರು ತುಣುಕುಗಳ ವಿಷಯ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರು ಒಂದೇ ಮಾತು ಕೇಳಿದರು.

“ನಾ ಬ್ಯಾನಿ ಅಂದಾಗ ನಿಮಗ ಖರೇ ಅನ್ನಿಸಿತ್ತೇನ್ರಿ?”

“ಅನ್ನಿಸಿತ್ತು” ಎಂದೆ.

ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಮರುದಿನ ನಿಜವಾದ ವರದಿಯನ್ನು ಪ್ರಕಟಿಸಿದೆ. ಔಷಧವನ್ನು ನಿಲ್ಲಿಸಿದರು, ನನ್ನನ್ನೂ ಕೆಲಸದಿಂದ ತೆಗೆದರು; ತೆಗೆದದ್ದು ಸರಿಯೇ. ಆಮೇಲೆ ಹುಲಿಗೆವ್ವ ತಾವಾಗಿ ಪ್ರಯೋಗಾಲಯಕ್ಕೆ ಹೋಗಿ, ನನ್ನ ಜಾಗಕ್ಕೆ ಬಂದವರ ಮುಂದೆ ಬಾಯಿ ತೆರೆದು, ಒಸಡಿನ ಚೂರು ಕೊಟ್ಟರಂತೆ. ಮೊದಲನೆಯದು ಮುಚ್ಚಿದಾಗ ತೆರೆದುಕೊಂಡು ರೋಗಾಣುವನ್ನು ಬದುಕಿಸುವ ಎರಡನೆಯ ವಂಶವಾಹಿ ಅದರಲ್ಲಿ ಸಿಕ್ಕಿತು. ನನ್ನ ಮೂರು ತುಣುಕುಗಳಲ್ಲಿ ಇದ್ದುದೂ ಅದೇ.

ನಿಮ್ಮ ಕಾಲದ ರೋಗಾಣುವಿನಲ್ಲೂ ಅದು ಇರಬೇಕು. ದಯವಿಟ್ಟು ಹುಡುಕಿ. ಮೇಲಿಂದ ಒರೆಸಿ ನೋಡಿ ಸಮಾಧಾನಪಡಬೇಡಿ. ಸಿಕ್ಕಿದರೆ, ಅದಕ್ಕೆ ಹೆಸರಿಡುವಾಗ ನನ್ನದು ಬೇಡ. ಹುಲಿಗೆವ್ವ ಭಜಂತ್ರಿ ಎಂದು ಬರೆಯಿರಿ. ಅದು ಒಳಗಿದೆ ಎಂದು ಮೊದಲು ಹೇಳಿದವರು ಅವರು.