ಕಿವಿಗೆ ಹಾಕಬೇಕಾದ ಪದಗಳು

ಹರವೆ
19-2-1956

ಯಜಮಾನರ ಸನ್ನಿಧಾನಕ್ಕೆ ಮಂಗಳಗೌರಿಯ ನಮಸ್ಕಾರಗಳು.

ನಿಮ್ಮ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಕ್ಷಮಿಸಿ. ಕೂತಿದ್ದೆ ಎಂಬುದೂ ಸುಳ್ಳು. ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ತೊಟ್ಟಿಲಿಗೆ ಓಡಾಡುತ್ತಲೇ ಇದ್ದೇನೆ. "ಕಾಲ್ಗೆ ಚಕ್ರ ಕಟ್ಕಂಡಿದ್ದೀಯೇನಮ್ಮಿ, ಒಂದ್ ಗಳ್ಗೆ ಕುಂತ್ಕ" ಎಂದು ಅವ್ವ ಬೈಯುತ್ತಾಳೆ. ಇಲ್ಲಿ ಹುರುಳಿ ಒಕ್ಕಣೆ ಮುಗಿಯಿತು. ಕರಿ ಹಸು ಕರು ಹಾಕಿತು. ನಿಮ್ಮ ಮಗನಿಗೆ ಕೆಳಗಡೆ ಒಂದು ಹಲ್ಲು ಬಂದಿದೆ, ನನ್ನನ್ನೇ ಕಚ್ಚುತ್ತಾನೆ.

ನೀವು ಕಳಿಸಿದ ಪದಗಳೆಲ್ಲ ಬಾಯಿಪಾಠವಾಗಿವೆ. ನಾಲೆಡ್ಜ್, ವಿಸ್ಡಮ್, ಲರ್ನಿಂಗ್, ಇಗ್ನೊರೆನ್ಸ್. ಗುಂಡ್ಲುಪೇಟೆಯ ಇಂಗ್ಲಿಷ್ ಮೇಷ್ಟ್ರ ಮಗನಾದ ಮೇಲೆ ಕನ್ನಡಕ್ಕಿಂತ ಮುಂಚೆ ಇವು ಅವನ ಕಿವಿಗೆ ಬೀಳಬೇಕು ಎಂದು ನಿಮ್ಮ ಅಪ್ಪಣೆಯಾಗಿತ್ತಲ್ಲ. ಹಾಲೂಡಿಸುವಾಗಲೂ ಹೇಳಿದ್ದೇನೆ. "ಕೂಸು ಎದ್ರುಕತ್ತದೆ, ಬುಡಮ್ಮಿ ಆ ದೊರೆ ಮಾತ" ಎಂದಳು ಅವ್ವ. ಅವನು ಹೆದರಲಿಲ್ಲ. ಅದೇ ನನ್ನ ಸಂಕಟ.

ಲಿಂಗಧಾರಣೆಯ ದಿನ ನೆನಪಿದೆಯೇ? ಅಯ್ಯನವರು ಕಿವಿಯಲ್ಲಿ ಮಂತ್ರ ಹೇಳಿದ ಮೇಲೆ ತೊಟ್ಟಿಲ ಪಕ್ಕದಲ್ಲೇ ಶಂಖ ಜಾಗಟೆ ಮೊಳಗಿದವು. ಕರಿಬಸವ ಬೆಚ್ಚಲಿಲ್ಲ, ಅಳಲಿಲ್ಲ, ನಿದ್ದೆಯಿಂದ ಏಳಲೂ ಇಲ್ಲ. "ಉಟ್ಟಾ ಶರಣ ಕಣವ್ವಾ ಇವ್ನು" ಎಂದು ಅಯ್ಯನವರೇ ಕೈಮುಗಿದರು. ಅತ್ತೆಯವರು ದೃಷ್ಟಿ ತೆಗೆದರು. ನೀವಂತೂ ಸ್ಕೂಲಿನಲ್ಲೆಲ್ಲ ಹೇಳಿಕೊಂಡಿರಿ. ಕಿವಿ ಕೇಳದ ಮಗುವಿಗೆ ನಾವೆಲ್ಲ ಸೇರಿ ಶರಣನ ಪಟ್ಟ ಕಟ್ಟಿದೆವು.

ಹೌದು, ಬರೆದುಬಿಟ್ಟೆ. ಅವನಿಗೆ ಕಿವಿ ಕೇಳುವುದಿಲ್ಲ. ಚಾಮರಾಜನಗರದ ಡಾಕ್ಟರು ಅವನ ಬೆನ್ನ ಹಿಂದೆ ಗಂಟೆ ಬಾರಿಸಿ ನೋಡಿ ತಲೆಯಾಡಿಸಿದರು. ಹೋದ ತಿಂಗಳು ಇದನ್ನು ಹೇಳಿಬರಲೆಂದೇ ತಮ್ಮ ಮಾದಪ್ಪನನ್ನು ನಿಮ್ಮಲ್ಲಿಗೆ ಕಳಿಸಿದ್ದೆ. "ಭಾವ ಸಿಕ್ನಿಲ್ಲ ಕಣಕ್ಕ" ಎಂದು ಬರಿಗೈಯಲ್ಲಿ ಬಂದ. ಹಾಗಾಗಿ ನಾನೇ ಬರೆಯಬೇಕಾಯಿತು.

ನಾಲೆಡ್ಜ್‌ಗೆ ಜ್ಞಾನ, ವಿಸ್ಡಮ್‌ಗೆ ವಿವೇಕ ಎಂದು ಅರ್ಥ ಬರೆದಿದ್ದಿರಿ. ಡಾಕ್ಟರು ಹೇಳುವ ಮುಂಚೆಯೇ ನನಗೆ ಗೊತ್ತಿತ್ತು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಮುಖ ಕಂಡರೆ ಕೈಕಾಲು ಬಡಿದು ನಗುತ್ತಾನೆ. ದಿನವೂ ನೋಡುತ್ತಿದ್ದರೂ ಆ ಯೋಚನೆಯನ್ನು ಹೊಸಿಲು ದಾಟಲು ಬಿಡಲಿಲ್ಲ. ಗೊತ್ತಿರುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಇವೆರಡರ ನಡುವೆ ಒದ್ದಾಡುವುದಕ್ಕೆ ಇಂಗ್ಲಿಷಿನವರು ಏನಾದರೂ ಹೆಸರಿಟ್ಟಿದ್ದಾರೆಯೇ?

ಬಾಣಂತನಕ್ಕೆ ಬಂದವಳನ್ನು ಗಂಡನೇ ಬಂದು ಕರೆದೊಯ್ಯಬೇಕು. ಸಂಕ್ರಾಂತಿಗೆ ಬರುತ್ತೇನೆ ಎಂದಿರಿ. ಆಮೇಲೆ ಇನ್‌ಸ್ಪೆಕ್ಟರು ಬರುತ್ತಾರೆ ಎಂದಿರಿ. ಶಿವರಾತ್ರಿಗಾದರೂ ಬನ್ನಿ. ನೀವು ಬಂದು ಅವನನ್ನು ಎತ್ತಿಕೊಂಡರೆ ಊರಿನ ಬಾಯಿ ಮುಚ್ಚುತ್ತದೆ. ಬರದಿದ್ದರೆ, "ಕಿವುಡು ಕೂಸು ಅಂತ ಮೇಷ್ಟ್ರು ಬುಟ್ಬುಟ್ರು" ಎನ್ನುತ್ತಾರೆ. ಊರು ಅಂದರೆ ಅನ್ನಲಿ, ಅದು ನಿಜವಾಗಿಬಿಟ್ಟರೆ ಎಂದು ನನಗೆ ಭಯ.

ಅವ್ವನ ಆಶೀರ್ವಾದಗಳು. ಮಗನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ
ಮಂಗಳಗೌರಿ

ತಾ.ಕ.: ಡಬ್ಬಿಗೆ ಹಾಕು ಎಂದು ಈ ಕಾಗದವನ್ನು ಮಾದಪ್ಪನಿಗೆ ಕೊಡಲು ಹೋದೆ. ತೆಗೆದುಕೊಳ್ಳದೆ ಕಂಬ ಹಿಡಿದು ನಿಂತ. "ಭಾವಂಗೆ ಗೊತ್ತು ಕಣಕ್ಕ. ಅವತ್ತೇ ಸಿಕ್ಕುದ್ರು, ಎಲ್ಲಾನೂ ಯೋಳ್ಬುಟ್ಟೆ. ಸಿಕ್ನಿಲ್ಲ ಅಂತ ಯೋಳ್ಬುಡು ಅಂತ ಅವ್ರೇ ಅಂದ್ರು" ಎಂದ. ನಿಮ್ಮ ಎರಡು ಕಾಗದಗಳೂ ಅದಾದ ಮೇಲೆಯೇ ಬಂದವು. ಎರಡರಲ್ಲೂ ಇದ್ದದ್ದು ಮಗುವಿನ ಕಿವಿಗೆ ಹಾಕಬೇಕಾದ ಪದಗಳು.

ಇಗ್ನೊರೆನ್ಸ್ ಎಂದರೆ ತಿಳಿಯದಿರುವುದು ಎಂದು ಬರೆದಿದ್ದಿರಿ. ತಿಳಿದೂ ಬರದೆ ಇರುವುದಕ್ಕೆ ಏನೆನ್ನುತ್ತಾರೋ, ಆ ಪದವನ್ನು ಮಾತ್ರ ಕಳಿಸಲಿಲ್ಲ.

ಕರೆಯಲು ಬರುವ ತೊಂದರೆ ನಿಮಗೆ ಬೇಡ. ಪದ್ಧತಿ ಮುರಿಯುತ್ತೀಯಲ್ಲ ಎಂದು ಅವ್ವ ಅಳುತ್ತಿದ್ದಾಳೆ, ಅಳಲಿ. 27ನೇ ತಾರೀಖು ಸೋಮವಾರ ಬೇಗೂರಿನವರೆಗೆ ಗಾಡಿಯಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತೇವೆ, ನಾನೂ ಕರಿಬಸವನೂ. ಬಸ್ಸು ನಿಲ್ಲುವಲ್ಲಿಗೆ ಬನ್ನಿ. ಹಿಂದೆ ನಿಂತು ಹೆಸರು ಕೂಗಬೇಡಿ. ಎದುರಿಗೆ ಬಂದು ನಿಲ್ಲಿ. ಮುಖ ಕಂಡರೆ ನಗುತ್ತಾನೆ.